ಕಾಣೆಯಾದ ಆಗಸ್ಟ್

2021ರ ಮಳೆಗಾಲದ ಒಂದು ಬೆಳಿಗ್ಗೆ ನಮ್ಮ ಬಳಗದ ಹಳೆಯ ಜಾಲತಾಣವನ್ನು ತೆರೆದವರಿಗೆ ಬರಿಯ ಬಿಳಿ ಪುಟ ಕಂಡಿತು. ಹೆಸರಿಲ್ಲ, ಸೂಚಿಯಿಲ್ಲ, ಕ್ಷಮೆ ಕೋರುವ ಒಂದು ಸಾಲೂ ಇಲ್ಲ. ಮಾಟುಂಗಾ, ಠಾಣೆ, ಡೊಂಬಿವಲಿಗಳಿಂದ ಬಂದು ತಿಂಗಳಿಗೊಮ್ಮೆ ಸೇರುವ ನಾವು 2006ರಿಂದ ಓದಿದ ಪ್ರಬಂಧಗಳ ಪಟ್ಟಿ ಆ ಪುಟದಲ್ಲಿತ್ತು. ಪ್ರಬಂಧಗಳೇನೋ ಬೇರೆ ಬೇರೆ ಕಡತಗಳಲ್ಲಿ ಕ್ಷೇಮವಾಗಿಯೇ ಇದ್ದವು. ಆದರೆ ಅಲ್ಲಿಗೆ ಹೋಗುವ ದಾರಿ ಆ ಒಂದು ಸೂಚಿ ಮಾತ್ರ. ಅವುಗಳನ್ನು ಬರೆದವರಲ್ಲಿ ಕೆಲವರು ಈಗ ನಮ್ಮೊಡನಿಲ್ಲ. ಅವರ ಬರಹದ ಮತ್ತೊಂದು ಪ್ರತಿ ಎಲ್ಲಿದೆಯೆಂದು ನಮಗೆ ಗೊತ್ತೂ ಇಲ್ಲ.

ಕಾರಣ ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ತಾಣವಿದ್ದ ಸರ್ವರಿನಲ್ಲಿ ಪಿಎಚ್‌ಪಿ ಎಂಬ ಭಾಷೆಯ 5.6ನೆಯ ಆವೃತ್ತಿಯನ್ನು ತೆಗೆದು 8ನೆಯದನ್ನು ಹಾಕಲಾಗಿತ್ತು. ಮುನ್ಸೂಚನೆಯ ಪತ್ರ ನಮಗೆ ಬಂದಿತ್ತು, ನಾವು ಓದಿರಲಿಲ್ಲ. ನಮ್ಮಲ್ಲಿ ಒಬ್ಬರು ಬ್ಯಾಂಕಿನಿಂದ ನಿವೃತ್ತರು, ಒಬ್ಬರು ರಸಾಯನಶಾಸ್ತ್ರದ ಅಧ್ಯಾಪಕರು, ಇನ್ನೊಬ್ಬರು 2006ರಲ್ಲಿ ಒಂದು ಪುಸ್ತಕವನ್ನು ಮುಂದಿಟ್ಟುಕೊಂಡು ಈ ತಾಣವನ್ನು ಕಟ್ಟಿದವರು. ಮೂವರೂ ನಾಲ್ಕು ಭಾನುವಾರ ಕುಳಿತು ಅದನ್ನು ಸರಿಪಡಿಸಿದೆವು. ಸರಿಪಡಿಸುವಾಗ ತಿಳಿದದ್ದು ಒಂದು ವಿರಾಮಚಿಹ್ನೆಯ ಚರಿತ್ರೆ ಎನ್ನಬಹುದು. ಸಾಹಿತ್ಯದ ಬಳಗದಲ್ಲಿ ಇದೇಕೆ ಎಂದು ಕೇಳುವವರಿಗೆ ಒಂದು ಉತ್ತರ ಈ ಬರಹದ ಕೊನೆಯ ಭಾಗದಲ್ಲಿ ಸಿಕ್ಕೀತು.

ಪಿಎಚ್‌ಪಿ ಹುಟ್ಟಿದ್ದು 1994ರಲ್ಲಿ. ಗ್ರೀನ್‌ಲ್ಯಾಂಡಿನಲ್ಲಿ ಜನಿಸಿದ ರಾಸ್ಮಸ್ ಲೆರ್ಡಾರ್ಫ್ ಎಂಬ ಎಂಜಿನಿಯರ್ ತಮ್ಮ ಪರಿಚಯಪತ್ರವನ್ನು ಜಾಲದಲ್ಲಿ ಯಾರು ಯಾರು ನೋಡುತ್ತಾರೆ ಎಂದು ತಿಳಿಯಲು ಸಿ ಭಾಷೆಯಲ್ಲಿ ಕೆಲವು ಸಣ್ಣ ಉಪಕರಣಗಳನ್ನು ಬರೆದುಕೊಂಡರು. 1995ರ ಜೂನ್‌ನಲ್ಲಿ ‘ಪರ್ಸನಲ್ ಹೋಮ್ ಪೇಜ್ ಟೂಲ್ಸ್’ ಎಂಬ ಹೆಸರಿನಲ್ಲಿ ಇತರರಿಗೂ ಹಂಚಿದರು. ಎರಡು ವರ್ಷಗಳ ಬಳಿಕ ಇಸ್ರೇಲಿನ ಹೈಫಾ ನಗರದ ಟೆಕ್ನಿಯಾನ್ ಸಂಸ್ಥೆಯಲ್ಲಿ ಓದುತ್ತಿದ್ದ ಝೀವ್ ಸುರಾಸ್ಕಿ ಮತ್ತು ಆಂಡಿ ಗುಟ್‌ಮನ್ಸ್ ಅದರ ಪಾರ್ಸರನ್ನು, ಅಂದರೆ ಬರೆದ ಸಾಲುಗಳನ್ನು ಓದಿ ಅನ್ವಯ ಮಾಡುವ ಭಾಗವನ್ನು, ಹೊಸದಾಗಿ ಬರೆದರು. 1998ರ ಜೂನ್‌ನಲ್ಲಿ ಬಂದ ಮೂರನೆಯ ಆವೃತ್ತಿ ಅವರ ಆ ಕೆಲಸದ ಮೇಲೆ ನಿಂತಿತು. ಮೊದಲೇ ನಕ್ಷೆ ಹಾಕಿ ಕಟ್ಟಿದ ಮನೆ ಇದಲ್ಲ. ಹಳೆಯ ಊರಿನ ಮನೆಗಳಂತೆ ಮಗ ಮದುವೆಯಾದಾಗ ಒಂದು ಕೋಣೆ, ಬೆಳೆ ಬಂದಾಗ ಒಂದು ಕಣಜ ಎಂದು ಬೆಳೆದದ್ದು. ಈ ಬೆಳವಣಿಗೆ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ಅದರ ಸರಣಿಗಳಲ್ಲಿ.

ಸರಣಿ ಎಂದರೆ ಒಂದೇ ಹೆಸರಿನಡಿ ಹಲವು ವಸ್ತುಗಳನ್ನು ಸಾಲಾಗಿ ಇಡುವ ಏರ್ಪಾಡು. ಪ್ರೋಗ್ರಾಮರುಗಳ ಬಾಯಲ್ಲಿ ಅದು ಅರೇ. ಇಂದಿನ ಪಿಎಚ್‌ಪಿಯಲ್ಲಿ ಹೀಗೆ ಬರೆಯಬಹುದು:

$ಕವಿಗಳು = ['ಪಂಪ', 'ರನ್ನ', 'ಜನ್ನ'];

ಕನ್ನಡದಲ್ಲಿ ಬರೆದದ್ದು ಓದುಗರ ಅನುಕೂಲಕ್ಕಾಗಿ ಎಂದು ತಿಳಿಯಬಾರದು. ಈ ಸಾಲನ್ನು ಹೀಗೆಯೇ ಯಂತ್ರಕ್ಕೆ ಕೊಟ್ಟರೂ ಅದು ನಡೆಯುತ್ತದೆ. 127ಕ್ಕಿಂತ ದೊಡ್ಡ ಬೆಲೆಯ ಯಾವ ಬೈಟನ್ನಾದರೂ ಹೆಸರಿನ ಭಾಗವಾಗಿ ಪಿಎಚ್‌ಪಿ ಒಪ್ಪುತ್ತದೆ, ಮತ್ತು ಯೂನಿಕೋಡಿನ ಯುಟಿಎಫ್-8 ರೂಪದಲ್ಲಿ ಕನ್ನಡದ ಪ್ರತಿಯೊಂದು ವರ್ಣವೂ ಅಂಥ ಮೂರು ಬೈಟುಗಳಿಂದಾಗುತ್ತದೆ. ಕನ್ನಡವನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಏರ್ಪಾಡು ಇದಲ್ಲ. ಯಾರಿಗೋ ತೆರೆದ ಬಾಗಿಲಿನಲ್ಲಿ ನಾವೂ ಒಳಗೆ ಬಂದಿದ್ದೇವೆ. ಈ ಬಾಗಿಲು ನಮಗೆ ಮಾಡಿದ ಉಪಕಾರ ಮತ್ತು ಅಪಕಾರ ಎರಡನ್ನೂ ಮುಂದೆ ಹೇಳಬೇಕಾಗಿದೆ.

ಸಾಲಿನಲ್ಲಿಟ್ಟ ವಸ್ತುವಿಗೆ ಕ್ರಮಸಂಖ್ಯೆಯ ಬದಲು ಹೆಸರನ್ನೂ ಕೊಡಬಹುದು. 'ಶೀರ್ಷಿಕೆ' => 'ಚಿಗುರು' ಎಂದು ಬರೆದರೆ ಬಾಣದ ಎಡಕ್ಕಿರುವುದು ಕೀಲಿ, ಬಲಕ್ಕಿರುವುದು ಬೆಲೆ. ಪರ್ಲ್ ಭಾಷೆಯಲ್ಲಿ ಸಾಲಿಗೆ ಒಂದು ಚಿಹ್ನೆ, ಕೀಲಿಗಳ ಕೋಶಕ್ಕೆ ಇನ್ನೊಂದು ಚಿಹ್ನೆ. ಪಿಎಚ್‌ಪಿಯಲ್ಲಿ ಎರಡಕ್ಕೂ ಒಂದೇ ಸರಣಿ. ಆದ್ದರಿಂದ ಕಲಿಯುವುದು ಸುಲಭ, ಎಡವುವುದೂ ಸುಲಭ. ಮೇಲೆ ತೋರಿಸಿದ ಚೌಕಾವರಣದ ರೂಪ ಬಂದದ್ದಾದರೂ 2012ರ ಮಾರ್ಚ್ 1ರಂದು ಹೊರಬಿದ್ದ 5.4ನೆಯ ಆವೃತ್ತಿಯಲ್ಲಿ. ಅಲ್ಲಿಯವರೆಗೆ ಅರೇ ಎಂಬ ಇಂಗ್ಲಿಷ್ ಪದವನ್ನು ಪೂರ್ತಿ ಬರೆದು ದುಂಡಾವರಣದೊಳಗೆ ವಸ್ತುಗಳನ್ನು ತುಂಬಬೇಕಿತ್ತು. ಚೌಕಾವರಣದ ಪ್ರಸ್ತಾಪ ಅದಕ್ಕೂ ಮೊದಲು ಬಂದು ಒಪ್ಪಿಗೆ ಸಿಗದೆ ಹಿಂದಿರುಗಿತ್ತು. ಪದವಾದರೆ ಓದಿದೊಡನೆ ಅರ್ಥವಾಗುತ್ತದೆ, ಬರಿಯ ಚಿಹ್ನೆ ಹೊಸಬರಿಗೆ ಏನು ಹೇಳೀತು ಎಂಬ ಹಳೆಯ ಪಕ್ಷದ ವಾದದಲ್ಲಿ ಹುರುಳಿಲ್ಲದಿರಲಿಲ್ಲ. ಇಂಥ ಪರಿವರ್ತನೆಯ ಕಾಲದಲ್ಲಿ ಹುಟ್ಟುವ ದೋಷಗಳ ಕುಲವೇ ಬೇರೆ. ಹೊಸ ಪುಸ್ತಕದಿಂದ ಎತ್ತಿದ ಸಾಲನ್ನು ಹಳೆಯ ಸರ್ವರಿಗೆ ಕೊಟ್ಟರೆ ‘ಅನಿರೀಕ್ಷಿತ [’ ಎಂಬ ದೂರು, ಹಳೆಯ ಕಡತವನ್ನು ಅರ್ಧ ಹೊಸ ರೂಪಕ್ಕೆ ತಿರುಗಿಸಿದರೆ ದುಂಡಾಗಿ ತೆರೆದು ಚೌಕವಾಗಿ ಮುಚ್ಚಿದ ಆವರಣಗಳು. ನಮ್ಮ ಕಡತದಲ್ಲಿ ಇವು ಐದಾರು ಕಡೆ ಇದ್ದವು, ಅದೂ ನಾವೇ ಮೊದಲ ಭಾನುವಾರದ ಉತ್ಸಾಹದಲ್ಲಿ ಸೃಷ್ಟಿಸಿದವು.

ದೋಷದ ಸಂದೇಶವನ್ನು ಓದುವ ಬಗೆಯನ್ನು ನಾವು ಅಂದು ಕಲಿತೆವು. ಯಂತ್ರ 42ನೆಯ ಸಾಲಿನಲ್ಲಿ ತಪ್ಪಿದೆ ಎನ್ನುತ್ತದೆ. ಆ ಸಾಲನ್ನು ಎಷ್ಟು ಸಲ ಓದಿದರೂ ಅಲ್ಲಿ ತಪ್ಪು ಕಾಣುವುದಿಲ್ಲ, ಏಕೆಂದರೆ ಅಲ್ಪವಿರಾಮ ಬಿಟ್ಟುಹೋದದ್ದು 41ನೆಯ ಸಾಲಿನ ಕೊನೆಯಲ್ಲಿ. ಯಂತ್ರಕ್ಕೆ ಸಾಲಿನ ಕೊನೆ ಎಂಬುದು ಲೆಕ್ಕಕ್ಕಿಲ್ಲ. ಒಂದು ವಸ್ತು ಮುಗಿದ ಮೇಲೆ ಅಲ್ಪವಿರಾಮವನ್ನೋ ಮುಚ್ಚುವ ಆವರಣವನ್ನೋ ಹುಡುಕುತ್ತ ಅದು ಮುಂದೆ ಹೋಗುತ್ತದೆ, ಮುಂದಿನ ಸಾಲಿನಲ್ಲಿ ಇನ್ನೊಂದು ವಸ್ತು ಎದುರಾದಾಗ ಮುಗ್ಗರಿಸುತ್ತದೆ. ಅದು ಹೇಳುವುದು ತಾನು ಬಿದ್ದ ಜಾಗವನ್ನು, ಕಲ್ಲಿದ್ದ ಜಾಗವನ್ನಲ್ಲ. ತಾಳೆಗರಿಯ ಪ್ರತಿಯನ್ನು ಓದಿದವರಿಗೆ ಇದು ಹೊಸ ಸಂಗತಿಯಲ್ಲ. ಪದಪದಗಳ ನಡುವೆ ತೆರಪಿಲ್ಲದ ಸಾಲಿನಲ್ಲಿ ಎಲ್ಲೋ ಪದವನ್ನು ತಪ್ಪಾಗಿ ಒಡೆದಿರುತ್ತೇವೆ. ಆಗ ಏನೂ ತಿಳಿಯುವುದಿಲ್ಲ. ಎರಡು ಮೂರು ಪದ ಮುಂದೆ ಹೋದಾಗ ಅರ್ಥಕ್ಕೆ ನಿಲ್ಲದ ಒಂದು ಅಕ್ಷರ ಉಳಿಯುತ್ತದೆ, ಆಗ ಹಿಂದಕ್ಕೆ ನಡೆಯಬೇಕು.

ನಾವು ಹಿಂದಕ್ಕೆ ನಡೆದದ್ದು ಹೀಗೆ. ಸಂದೇಶ ಹೇಳಿದ ಸಾಲಿನ ಮೇಲಿನ ಸಾಲಿನ ಕೊನೆಯನ್ನು ಮೊದಲು ನೋಡುವುದು. ‘ಅನಿರೀಕ್ಷಿತ ;’ ಎಂದಿದ್ದರೆ ಮೇಲೆಲ್ಲೋ ಒಂದು ಆವರಣ ಮುಚ್ಚಿಲ್ಲವೆಂದು ತಿಳಿಯುವುದು. ಅದೂ ಸಿಗದಿದ್ದರೆ ಸರಣಿಯ ಅರ್ಧ ಭಾಗವನ್ನು ಬದಿಗಿಟ್ಟು ಉಳಿದರ್ಧವನ್ನು ಮಾತ್ರ ಪರೀಕ್ಷಿಸುವುದು, ತಪ್ಪಿರುವ ಅರ್ಧವನ್ನು ಮತ್ತೆ ಅರ್ಧ ಮಾಡುವುದು. ಐನೂರು ಸಾಲಿನ ಕಡತವಾದರೂ ಒಂಬತ್ತು ಸಲ ಅರ್ಧಿಸಿದರೆ ಒಂದು ಸಾಲಿಗೆ ಬಂದು ನಿಲ್ಲುತ್ತದೆ. 8ನೆಯ ಆವೃತ್ತಿ ಈ ವಿಷಯದಲ್ಲಿ ಹಿಂದಿನವುಗಳಿಗಿಂತ ದಯಾಳು: ಜೋಡಿ ತಪ್ಪಿದ ಆವರಣಗಳನ್ನು ಹೆಸರಿಸಿ ಹೇಳುತ್ತದೆ, ಕಡತ ಮುಗಿದರೂ ಮುಚ್ಚದೆ ಉಳಿದ ಆವರಣವಿದ್ದರೆ ಅದನ್ನು ತೆರೆದ ಸಾಲಿನ ಸಂಖ್ಯೆಯನ್ನು ಕೊಡುತ್ತದೆ. ಇನ್ನೊಂದು ಅನುಕೂಲ ಬಹಳ ಹಿಂದಿನಿಂದಲೂ ಇದೆ. ಸರಣಿಯ ಕೊನೆಯ ವಸ್ತುವಿನ ಮುಂದೆಯೂ ಒಂದು ಅಲ್ಪವಿರಾಮ ಹಾಕಬಹುದು. ನಾಳೆ ಇನ್ನೊಂದು ಸಾಲು ಸೇರಿಸುವವನು ಮರೆಯುವ ಭಯವಿಲ್ಲ. ಆದರೆ ಅದೇ ಅಭ್ಯಾಸವನ್ನು ಜಾವಾಸ್ಕ್ರಿಪ್ಟಿಗೆ ಒಯ್ದವರನ್ನು ಇಂಟರ್‌ನೆಟ್ ಎಕ್ಸ್‌ಪ್ಲೋರರಿನ 8ನೆಯ ಆವೃತ್ತಿಯವರೆಗೂ ಕಾಡಿದ್ದು ಇದೇ ಚಿಹ್ನೆ. ಕೊನೆಯ ಅಲ್ಪವಿರಾಮದ ಮುಂದೆ ಇಲ್ಲದ ಒಂದು ವಸ್ತುವನ್ನು ಅದು ಎಣಿಸುತ್ತಿತ್ತು.

ಸಂದೇಶಗಳ ಭಾಷೆಯ ಬಗ್ಗೆ ಒಂದು ಮಾತು. ಹೆಸರಿನ ಹಿಂದೆ ಡಾಲರ್ ಚಿಹ್ನೆ ಮರೆತಾಗ ಹಳೆಯ ಪಿಎಚ್‌ಪಿ ಕೆಲವೊಮ್ಮೆ ‘ಪಾಮಾಯಿಮ್ ನೆಕುದೊತಾಯಿಮ್’ ಇರಬೇಕಿತ್ತು ಎಂದು ದೂರುತ್ತಿತ್ತು. ನಾವು 2006ರಲ್ಲಿ ಇದನ್ನು ಯಾವುದೋ ವೈರಸ್ಸಿನ ಹೆಸರೆಂದು ಭಾವಿಸಿ ಕಂಪ್ಯೂಟರನ್ನೇ ಆರಿಸಿದ್ದೆವು. ಅದು ಹೀಬ್ರೂ ಮಾತು, ಅರ್ಥ ಜೋಡಿ ವಿವರಣ ಚಿಹ್ನೆ. ಹೈಫಾದ ಇಬ್ಬರು ತರುಣರು ತಮ್ಮ ನಾಡಿನ ನುಡಿಯ ಒಂದು ಪದವನ್ನು ಪಾರ್ಸರಿನೊಳಗೆ ಇಟ್ಟರು, ಜಗತ್ತಿನ ಪ್ರೋಗ್ರಾಮರುಗಳೆಲ್ಲ ಅದನ್ನು ಉಚ್ಚರಿಸಲು ತಿಣುಕಿದರು. 8ನೆಯ ಆವೃತ್ತಿಯ ಸಂದೇಶದಲ್ಲಿ ಆ ಪದದ ಬದಲು ಚಿಹ್ನೆಯೇ ಕಾಣುತ್ತದೆ. ಪರಭಾಷೆಯ ನಡುವೆ ಬದುಕುವ ನಮಗೆ ಅದು ಹೋದದ್ದಕ್ಕೆ ಸ್ವಲ್ಪ ಬೇಸರವೇ ಆಯಿತು.

ಇಲ್ಲಿಯವರೆಗೆ ಹೇಳಿದ್ದು ಮೊದಲಿನಿಂದಲೂ ಕೂಗಿ ಹೇಳುವ ತಪ್ಪುಗಳ ವಿಷಯ. ಇವುಗಳಲ್ಲಿ ಕನ್ನಡದ್ದೇ ಆದ ಒಂದುಂಟು. ನಾವು ಕೃತಿಗಳ ಹೆಸರನ್ನು ಒಂಟಿ ಉದ್ಧರಣ ಚಿಹ್ನೆಯೊಳಗೆ ಬರೆಯುತ್ತೇವೆ. ಪಿಎಚ್‌ಪಿಯೂ ತನ್ನ ಅಕ್ಷರಮಾಲೆಗಳನ್ನು ಅದೇ ಚಿಹ್ನೆಯೊಳಗೆ ಇಡುತ್ತದೆ. ಆದ್ದರಿಂದ ಸೂಚಿಯಲ್ಲಿ

'ಕಾರಂತರ 'ಮರಳಿ ಮಣ್ಣಿಗೆ': ಒಂದು ಓದು'

ಎಂದು ಬರೆದರೆ ಯಂತ್ರದ ಪಾಲಿಗೆ ಅಕ್ಷರಮಾಲೆ ‘ಕಾರಂತರ’ ಎಂಬಲ್ಲಿಗೆ ಮುಗಿಯಿತು. ಮುಂದೆ ಬರುವ ‘ಮರಳಿ’ ಅದಕ್ಕೆ ಒಂದು ಸ್ವತಂತ್ರ ಹೆಸರು. ‘ಅನಿರೀಕ್ಷಿತ ಮರಳಿ’ ಎಂದು ಅದು ನಿಲ್ಲುತ್ತದೆ. ಕನ್ನಡದ ಪದವನ್ನೇ ಯಂತ್ರ ಎತ್ತಿ ತೋರಿಸಿದಾಗ ನಮ್ಮ ಲಿಪಿಯೇ ಅದಕ್ಕೆ ಒಗ್ಗುತ್ತಿಲ್ಲವೆಂದು ನಾವು ಮೊದಲು ಹೆದರಿದ್ದೆವು. ನಿಜವೆಂದರೆ ಅದು ನಮ್ಮ ಪದವನ್ನು ಅತಿಯಾಗಿ ಗೌರವಿಸಿತ್ತು. ಒಳಗಿನ ಚಿಹ್ನೆಯ ಹಿಂದೆ ಹಿಮ್ಮುಖದ ಓರೆಗೆರೆ ಎಳೆದರೆ, ಇಲ್ಲವೇ ಹೊರಗೆ ಜೋಡಿ ಉದ್ಧರಣ ಚಿಹ್ನೆ ಹಾಕಿದರೆ ಪರಿಹಾರವಾಯಿತು.

ಕೂಗದ ತಪ್ಪುಗಳು ಬೇರೆ. 8ನೆಯ ಆವೃತ್ತಿ ಬಂದಾಗ ನಮ್ಮ ತಾಣವನ್ನು ಕೆಡಹಿದ್ದು ಇವೇ. ಹದಿನೈದು ವರ್ಷ ಯಾರೂ ಗಮನಿಸದೆ ನಡೆದುಕೊಂಡು ಬಂದಿದ್ದವು.

ಮೊದಲನೆಯದು ಉದ್ಧರಣ ಚಿಹ್ನೆಯಿಲ್ಲದ ಕೀಲಿ. $ಲೇಖನ['ಪುಟ'] ಎಂದು ಬರೆಯಬೇಕಾದಲ್ಲಿ $ಲೇಖನ[ಪುಟ] ಎಂದು ಬರೆದರೆ ‘ಪುಟ’ ಎಂಬುದು ಒಂದು ಸ್ಥಿರಾಂಕದ ಹೆಸರಾಗಬೇಕು. ಅಂಥ ಸ್ಥಿರಾಂಕ ಇಲ್ಲವೆಂದು ಕಂಡಾಗ ಹಳೆಯ ಪಿಎಚ್‌ಪಿ ದೊಡ್ಡಮನಸ್ಸಿನಿಂದ ‘ಪುಟ’ ಎಂಬ ಅಕ್ಷರಗಳನ್ನೇ ಬರೆದಿರಬೇಕೆಂದು ಊಹಿಸಿ ಮುಂದೆ ಸಾಗುತ್ತಿತ್ತು. ಪರ್ಲ್‌ನಲ್ಲಿ ಬಾಣದ ಎಡಕ್ಕಿರುವ ಸರಳ ಪದ ತಾನಾಗಿಯೇ ಅಕ್ಷರಮಾಲೆಯಾಗುತ್ತದೆ. ಅಲ್ಲಿಂದ ಬಂದವರಿಗೆ ಇದು ಸಹಜವಾಗಿ ಕಂಡಿರಬೇಕು. ಗೊಂದಲ ಹೆಚ್ಚಲು ಇನ್ನೊಂದು ಕಾರಣವೂ ಇದೆ. ಜೋಡಿ ಉದ್ಧರಣ ಚಿಹ್ನೆಯೊಳಗೆ ಸರಣಿಯ ವಸ್ತುವನ್ನು ನೇರವಾಗಿ ಬರೆಯುವಾಗ ಕೀಲಿಗೆ ಚಿಹ್ನೆ ಇರಕೂಡದು, ಇದ್ದರೆ ದೋಷ. ಸುತ್ತ ಪುಷ್ಪಾವರಣ ಹಾಕಿದರೆ ಇರಲೇಬೇಕು. ಒಳಗೆ ಒಂದು ನ್ಯಾಯ, ಹೊರಗೆ ಒಂದು ನ್ಯಾಯ. ಇದನ್ನು ಕಲಿಸಿದ ಪುಸ್ತಕಗಳೂ ಎರಡನ್ನೂ ಬೆರೆಸುತ್ತಿದ್ದವು.

ಈ ಊಹೆಯ ಔದಾರ್ಯವನ್ನು ಭಾಷೆಯವರು ಹಂತಹಂತವಾಗಿ ಹಿಂದಕ್ಕೆ ಪಡೆದರು. ಮೊದಲು ಅದು ಬರಿಯ ಸೂಚನೆ, 2017ರ 7.2ರಲ್ಲಿ ಎಚ್ಚರಿಕೆ, 2020ರ ನವೆಂಬರ್ 26ರಂದು ಬಂದ 8.0ರಲ್ಲಿ ಪುಟವನ್ನೇ ನಿಲ್ಲಿಸುವ ದೋಷ. ನಮ್ಮ ಒಂದು ಕಡತವನ್ನು ಯಾರೋ ವರ್ಡ್‌ನಲ್ಲಿ ಟೈಪು ಮಾಡಿ ಅಂಟಿಸಿದ್ದರಿಂದ ಅಲ್ಲಿನ ನೆಟ್ಟಗಿನ ಚಿಹ್ನೆಗಳೆಲ್ಲ ಬಾಗಿದ ಚಿಹ್ನೆಗಳಾಗಿದ್ದವು. ಬಾಗಿದ ಚಿಹ್ನೆಯೂ 127ಕ್ಕಿಂತ ಮೇಲಿನ ಬೈಟುಗಳಿಂದಲೇ ಆದದ್ದು. ಹಾಗಾಗಿ ‘ಪುಟ’ ಎಂಬುದನ್ನು ಬಾಗಿದ ಚಿಹ್ನೆಗಳ ಸಮೇತ ಒಂದು ಹೆಸರೆಂದು ಪಿಎಚ್‌ಪಿ ಓದಿತು, ಅಂಥ ಸ್ಥಿರಾಂಕವಿಲ್ಲವೆಂದು ಕಂಡಿತು, ಚಿಹ್ನೆಗಳ ಸಮೇತ ಅದನ್ನೇ ಕೀಲಿಯೆಂದು ಊಹಿಸಿತು. ಇಡುವಲ್ಲಿಯೂ ತೆಗೆಯುವಲ್ಲಿಯೂ ಅದೇ ತಪ್ಪು ಇದ್ದುದರಿಂದ ಎಲ್ಲ ಸರಿಹೋಯಿತು, ಹದಿನೈದು ವರ್ಷ.

ಎರಡನೆಯದು ಪುಷ್ಪಾವರಣದ ಕಥೆ. ಇದರಲ್ಲಿ ತಪ್ಪು ನಮ್ಮದೆಂದು ನಾವು ಇಂದಿಗೂ ಒಪ್ಪುವುದಿಲ್ಲ. ಅಕ್ಷರಮಾಲೆಯೊಂದರ ಮೊದಲ ಅಕ್ಷರ ಬೇಕಾದಾಗ ಹೇಗೆ ಬರೆಯಬೇಕು? 4ನೆಯ ಆವೃತ್ತಿಯ ಕಾಲದ ಕೈಪಿಡಿ ಪುಷ್ಪಾವರಣದೊಳಗೆ ಸೊನ್ನೆ ಬರೆಯಿರಿ, ಚೌಕಾವರಣ ಹಳೆಯ ಪದ್ಧತಿ ಎಂದು ಉಪದೇಶಿಸಿತ್ತು. ನಾವು ಶಿಷ್ಯರಂತೆ ಪಾಲಿಸಿದೆವು. ಕೆಲವು ವರ್ಷಗಳಲ್ಲಿ ಉಪದೇಶ ತಿರುಗಿತು. 2019ರ 7.4ರಲ್ಲಿ ಪುಷ್ಪಾವರಣಕ್ಕೆ ಬಹಿಷ್ಕಾರದ ಎಚ್ಚರಿಕೆ, 8.0ರಲ್ಲಿ ಗಡೀಪಾರು. ಹಳೆಯ ಪದ್ಧತಿಯವರು ಏನೂ ಮಾಡದೆ ಗೆದ್ದರು.

ಅಲ್ಲದೆ, ಆ ಬರವಣಿಗೆ ನಮಗೆ ಎಂದೂ ಮೊದಲ ಅಕ್ಷರವನ್ನು ಕೊಟ್ಟಿರಲೇ ಇಲ್ಲ. ಲೇಖನಗಳನ್ನು ಅಕಾರಾದಿಯಾಗಿ ವಿಂಗಡಿಸಲು ಶೀರ್ಷಿಕೆಯ ಮೊದಲ ಅಕ್ಷರ ತೆಗೆದರೆ ಸಿಗುತ್ತಿದ್ದದ್ದು ಮೂರು ಬೈಟುಗಳಲ್ಲಿ ಮೊದಲನೆಯದು ಮಾತ್ರ. ಕನ್ನಡದ ಎಲ್ಲ ವರ್ಣಗಳಿಗೂ ಆ ಬೈಟು ಒಂದೇ, ಅದರ ಬೆಲೆ 224. ಅ ಆ ಇ ಈ ಎಲ್ಲವೂ ಒಂದೇ ಮನೆಗೆ ಬಂದು ಬೀಳುತ್ತಿದ್ದವು, ಮನೆಯ ಬಾಗಿಲ ಮೇಲೆ ಒಂದು ಪ್ರಶ್ನಾರ್ಥಕ ಚಿಹ್ನೆ. ಇದನ್ನು ಮೂಲದಲ್ಲೇ ಸರಿಪಡಿಸಲು ಹೊರಟ ಆವೃತ್ತಿಯೊಂದಿತ್ತು: 6ನೆಯದು. 2005ರಲ್ಲಿ ಆರಂಭವಾದ ಆ ಕೆಲಸದ ಗುರಿ ಎಲ್ಲ ಅಕ್ಷರಮಾಲೆಗಳನ್ನೂ ಯೂನಿಕೋಡಿನಲ್ಲೇ ಇಡುವುದು. ಆಯ್ದುಕೊಂಡ ಮಾರ್ಗ ಭಾರವಾಯಿತು, ಮಾಡುವ ಕೈಗಳು ಕಡಿಮೆಯಾದವು, 2010ರ ಮಾರ್ಚ್‌ನಲ್ಲಿ ಕೈಬಿಟ್ಟರು. 5ರಿಂದ ಒಮ್ಮೆಲೇ 7ಕ್ಕೆ ಹಾರಿದ ಲೆಕ್ಕದಲ್ಲಿ ಆ ವಿಫಲ ಯತ್ನದ ಗುರುತು ಇನ್ನೂ ಇದೆ. ಇಂದಿಗೂ ಕನ್ನಡದ ಮೊದಲ ಅಕ್ಷರ ಬೇಕೆಂದರೆ ಬಹುಬೈಟು ಅಕ್ಷರಗಳಿಗಾಗಿ ಇರುವ ಪ್ರತ್ಯೇಕ ಕಾರ್ಯಗಳನ್ನು ಕರೆಯಬೇಕು, ಅದೂ ಒತ್ತಕ್ಷರ ಕಾಗುಣಿತಗಳನ್ನು ಬಿಡಿಬಿಡಿಯಾಗಿ ಎಣಿಸುತ್ತದೆ.

ಮೂರನೆಯ ತಪ್ಪು ಕಂಡದ್ದು ಮೂರನೆಯ ಭಾನುವಾರ ಸಂಜೆ. ಉಳಿದೆಲ್ಲವನ್ನೂ ತಿದ್ದಿದ ಮೇಲೆ ಯಂತ್ರ ಒಂದೇ ಒಂದು ದೂರನ್ನು ಉಳಿಸಿಕೊಂಡಿತು: ಅಮಾನ್ಯ ಸಂಖ್ಯೆ. ಅದು ತೋರಿಸಿದ ಸಾಲು ಹೀಗಿತ್ತು:

08 => 'ಆಗಸ್ಟ್',

ನಮ್ಮ ಸೂಚಿ ವರ್ಷದಡಿ ತಿಂಗಳು, ತಿಂಗಳಡಿ ಲೇಖನ ಎಂಬ ಕ್ರಮದಲ್ಲಿತ್ತು. ತಿಂಗಳ ಕೀಲಿಗಳನ್ನು ಅಂದವಾಗಿರಲಿ ಎಂದು 01, 02 ಎಂದು ಎರಡಂಕಿಯಲ್ಲಿ ಬರೆದಿದ್ದೆವು. ಏಳರವರೆಗೆ ಒಪ್ಪಿದ ಯಂತ್ರ ಎಂಟಕ್ಕೆ ಏಕೆ ನಿಂತಿತು? ರಸಾಯನಶಾಸ್ತ್ರದವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಎಂಟು ಇಲ್ಲದ ಲೆಕ್ಕ ಯಾವುದು ಎಂದು ಕೇಳಿದರು.

ಎಂಟು ಇಲ್ಲದ ಲೆಕ್ಕ ಎಂಟರ ಮಾನದ ಲೆಕ್ಕ. ಅದರಲ್ಲಿ ಸೊನ್ನೆಯಿಂದ ಏಳರವರೆಗೆ ಮಾತ್ರ ಅಂಕಿಗಳು. ಸಂಖ್ಯೆಯ ಮುಂದೆ ಸೊನ್ನೆ ಬರೆದರೆ ಅದು ಎಂಟರ ಮಾನದ್ದು ಎಂಬ ಸಂಕೇತ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ರೂಪಿಸಿದ ಬಿ ಭಾಷೆಯಲ್ಲಿತ್ತು. ಅಲ್ಲಿದ್ದ ಪಿಡಿಪಿ-7 ಯಂತ್ರದ ಪದದ ಉದ್ದ 18 ಬಿಟ್, ಎಂಟರ ಮಾನದ ಒಂದು ಅಂಕಿಗೆ ಮೂರು ಬಿಟ್. ಆರು ಅಂಕಿಗಳಲ್ಲಿ ಲೆಕ್ಕ ಚೊಕ್ಕವಾಗಿ ಮುಗಿಯುತ್ತಿತ್ತು. ಬಿ ಭಾಷೆಯಿಂದ ಡೆನಿಸ್ ರಿಚಿಯವರ ಸಿ ಭಾಷೆಗೆ, ಅಲ್ಲಿಂದ ಅದರ ಸಂತತಿಗೆಲ್ಲ ಆ ಸೊನ್ನೆ ಇಳಿದು ಬಂತು. ಸ್ವಾರಸ್ಯವೆಂದರೆ 1978ರಲ್ಲಿ ಕರ್ನಿಗನ್ ಮತ್ತು ರಿಚಿ ವಿವರಿಸಿದ ಸಿಯಲ್ಲಿ ಎಂಟರ ಮಾನದಲ್ಲಿಯೂ 8 ಮತ್ತು 9 ಎಂಬ ಅಂಕಿಗಳನ್ನು ಬರೆಯಬಹುದಿತ್ತು, ಅವುಗಳಿಗೆ ತಕ್ಕ ಬೆಲೆಯೂ ಸಿಗುತ್ತಿತ್ತು; ಅಲ್ಲಿ 08 ಎಂದರೆ ಎಂಟೇ. 1989ರ ಪ್ರಮಾಣೀಕೃತ ಸಿಯಲ್ಲಿ ಈ ಸಲುಗೆ ಹೋಯಿತು. ಪರ್ಲ್ 08 ಅನ್ನು ಕಂಡರೆ ದೋಷವೆನ್ನುತ್ತದೆ. ಪೈಥಾನಿನ 3ನೆಯ ಆವೃತ್ತಿ 01 ಅನ್ನೂ ಒಪ್ಪುವುದಿಲ್ಲ. ಅಕ್ಷರಮಾಲೆಯನ್ನು ಸಂಖ್ಯೆಯಾಗಿಸುವ ಜಾವಾಸ್ಕ್ರಿಪ್ಟಿನ ಕಾರ್ಯ "08" ಅನ್ನು ಸೊನ್ನೆಯೆಂದು ಓದುತ್ತಿದ್ದ ಕಾಲವಿತ್ತು. ದಿನಾಂಕ ತುಂಬುವ ಪುಟಗಳು ಆಗಸ್ಟ್ ಸೆಪ್ಟೆಂಬರುಗಳಲ್ಲಿ ಕೆಡುತ್ತಿದ್ದವು, 2009ರ ಪ್ರಮಾಣದಲ್ಲಿ ಅದನ್ನು ತಿದ್ದಿದರು.

5ನೆಯ ಆವೃತ್ತಿಯವರೆಗಿನ ಪಿಎಚ್‌ಪಿ ಆಯ್ದುಕೊಂಡದ್ದು ಇವೆಲ್ಲಕ್ಕಿಂತ ಅಪಾಯದ ದಾರಿ. ಎಂಟರ ಮಾನದಲ್ಲಿ ಸಲ್ಲದ ಅಂಕಿ ಬಂದೊಡನೆ ಅದನ್ನೂ ಅದರ ಮುಂದಿನದನ್ನೂ ಕಡೆಗಣಿಸಿ, ಉಳಿದದ್ದನ್ನು ಇಟ್ಟುಕೊಳ್ಳುತ್ತಿತ್ತು. ಸೂಚನೆಯಿಲ್ಲ, ಎಚ್ಚರಿಕೆಯಿಲ್ಲ. 08 ಎಂದರೆ ಸೊನ್ನೆ. 09 ಎಂದರೂ ಸೊನ್ನೆ. ಸರಣಿಯಲ್ಲಿ ಒಂದೇ ಕೀಲಿ ಎರಡು ಸಲ ಬಂದರೆ ಎರಡನೆಯದು ಮೊದಲನೆಯದರ ಜಾಗದಲ್ಲಿ ಕೂರುತ್ತದೆ, ಅದಕ್ಕೂ ದೂರಿಲ್ಲ. 2015ರ ಡಿಸೆಂಬರ್‌ನಲ್ಲಿ ಬಂದ 7ನೆಯ ಆವೃತ್ತಿಯಿಂದ ಮಾತ್ರ 08 ಎಂಬುದು ಕಡತವನ್ನೇ ನಿಲ್ಲಿಸುವ ದೋಷವಾಯಿತು, 5.6ರಲ್ಲೇ ಉಳಿದಿದ್ದ ನಮಗೆ ಅದು ತಿಳಿಯಲು ಇನ್ನೂ ಐದು ವರ್ಷ ಹಿಡಿಯಿತು.

ಲೆಕ್ಕ ಹಾಕಿ ನೋಡಿದೆವು. ಪ್ರತಿ ವರ್ಷವೂ ಸೆಪ್ಟೆಂಬರಿನ ಲೇಖನಗಳನ್ನು ಸೇರಿಸಿದ ಕ್ಷಣದಲ್ಲಿ ಆಗಸ್ಟಿನವು ಅಳಿಸಿಹೋಗಿದ್ದವು. ತಿಂಗಳ ಹೆಸರಿನ ಸರಣಿಯಲ್ಲೂ ಅದೇ ತಪ್ಪಿದ್ದುದರಿಂದ ಸೊನ್ನೆಯ ಹೆಸರು ‘ಸೆಪ್ಟೆಂಬರ್’ ಎಂದಾಗಿತ್ತು. ಮೊದಲು ಆಗಸ್ಟ್ ಕೂತಿದ್ದ ಜಾಗ ಜುಲೈಗೂ ಅಕ್ಟೋಬರಿಗೂ ನಡುವೆಯೇ ಇದ್ದುದರಿಂದ ಕ್ರಮವೂ ಕೆಟ್ಟಿರಲಿಲ್ಲ. ಜುಲೈ, ಸೆಪ್ಟೆಂಬರ್, ಅಕ್ಟೋಬರ್ ಎಂದು ಪುಟ ಶಾಂತವಾಗಿತ್ತು. ಗಮನಿಸಿದ ಒಬ್ಬಿಬ್ಬರು ಆಗಸ್ಟ್ ಎಂದರೆ ಮುಂಬಯಿಯ ಮಳೆ, ಲೋಕಲ್ ರೈಲು ನಿಂತಿರುತ್ತದೆ, ಸಭೆ ನಡೆದಿರಲಿಕ್ಕಿಲ್ಲ ಎಂದುಕೊಂಡರು. 2006ರಿಂದ 2020ರವರೆಗೆ ಹದಿನೈದು ಆಗಸ್ಟ್. ಸಭೆಯ ನಡಾವಳಿ ಪುಸ್ತಕ ತೆಗೆದು ನೋಡಿದರೆ ಸಭೆ ನಡೆಯದೆ ಹೋದದ್ದು ಎರಡು ಸಲ. ಇನ್ನೆರಡು ವರ್ಷ ಸೆಪ್ಟೆಂಬರಿನಲ್ಲಿ ಸಭೆ ಇರಲಿಲ್ಲ, ಆಗಸ್ಟಿನ ಲೇಖನಗಳು ಸೆಪ್ಟೆಂಬರಿನ ಹೆಸರಿನಲ್ಲಿ ಉಳಿದುಕೊಂಡಿದ್ದವು. ಉಳಿದ ಹನ್ನೊಂದು ವರ್ಷಗಳವು ಕಡತದಲ್ಲಿದ್ದೂ ಪುಟದಲ್ಲಿರಲಿಲ್ಲ.

ಇಲ್ಲಿ ನಮ್ಮದೊಂದು ತಪ್ಪನ್ನು ಹೇಳಬೇಕು. ಮುನಿಸಿಪಲ್ ಕನ್ನಡ ಶಾಲೆಯಲ್ಲಿ ಬಹುಕಾಲ ಕಲಿಸಿ ನಿವೃತ್ತರಾದ ಹಿರಿಯರೊಬ್ಬರು ಬಳಗಕ್ಕೆ ಬರುತ್ತಿದ್ದರು. ನಮಗೆಲ್ಲರಿಗೂ ಅವರು ಟೀಚರ್. 2009ರ ಆಗಸ್ಟ್ ಸಭೆಯಲ್ಲಿ ತಮ್ಮ ಮೊದಲ ಪ್ರಬಂಧವನ್ನು ಓದಿದ್ದರು. ಅಕ್ಟೋಬರಿನ ಸಭೆಯಲ್ಲಿ, “ನನ್ನದು ಹೋದ ತಿಂಗಳು ಪಟ್ಟಿಯಲ್ಲಿ ಕಂಡಿತ್ತು, ಈಗ ಇಲ್ಲವಲ್ಲಪ್ಪ” ಎಂದರು. ನಮ್ಮವರು ಕಡತ ತೆರೆದು ನೋಡಿದರು. ಹೆಸರು ಅಲ್ಲೇ ಇತ್ತು. “ಇದೆ ಟೀಚರ್, ಸರಿಯಾಗಿ ನೋಡಿ” ಎಂದು ಹೇಳಿಬಿಟ್ಟೆವು. ಅವರು ಮರುವರ್ಷ ಇನ್ನೊಮ್ಮೆ ಕೇಳಿದರು, ನಾವು ಇನ್ನೊಮ್ಮೆ ಅದನ್ನೇ ಹೇಳಿದೆವು. ಆಮೇಲೆ ಕೇಳಲಿಲ್ಲ, ಬರೆಯಲೂ ಇಲ್ಲ. ಪ್ರಬಂಧ ತಕ್ಕ ಮಟ್ಟದಲ್ಲಿಲ್ಲವೆಂದು ನಾವೇ ಮೆಲ್ಲನೆ ತೆಗೆದಿದ್ದೇವೆ ಎಂದು ಅವರು ತಿಳಿದಿದ್ದರೆಂಬುದು ಬಹಳ ತಡವಾಗಿ ಇನ್ನೊಬ್ಬ ಸದಸ್ಯೆಯಿಂದ ಗೊತ್ತಾಯಿತು. ಟೀಚರ್ 2016ರಲ್ಲಿ ತೀರಿಕೊಂಡರು.

ತಿದ್ದಲು ಹಿಡಿದದ್ದು ಹತ್ತು ನಿಮಿಷ. ಮುಂದಿನ ಸೊನ್ನೆಗಳನ್ನೆಲ್ಲ ತೆಗೆದೆವು. ಉದ್ಧರಣ ಚಿಹ್ನೆಯೊಳಗೆ '08' ಎಂದು ಬರೆದರೂ ಆಗುತ್ತಿತ್ತು, ಆದರೆ ಅದರಲ್ಲಿ ಇನ್ನೊಂದು ಗುಂಡಿಯಿದೆ: '10' ಎಂಬ ಕೀಲಿಯನ್ನು ಪಿಎಚ್‌ಪಿ ತಾನಾಗಿ ಹತ್ತು ಎಂಬ ಸಂಖ್ಯೆಯಾಗಿ ಮಾಡಿಕೊಳ್ಳುತ್ತದೆ, '08' ಅನ್ನು ಅಕ್ಷರಮಾಲೆಯಾಗಿಯೇ ಬಿಡುತ್ತದೆ. ಒಂದೇ ಪಟ್ಟಿಯಲ್ಲಿ ಎರಡು ಜಾತಿಯ ಕೀಲಿಗಳು ನಮಗೆ ಬೇಡವಾಗಿತ್ತು.

ಪುಟ ತೆರೆದುಕೊಂಡಾಗ ರಾತ್ರಿ ಒಂಬತ್ತಾಗಿತ್ತು. 2009ರ ಸಾಲಿನಲ್ಲಿ ಜುಲೈಗೂ ಸೆಪ್ಟೆಂಬರಿಗೂ ನಡುವೆ ಆಗಸ್ಟ್ ಇತ್ತು, ಅದರಡಿ ಎರಡು ಶೀರ್ಷಿಕೆಗಳು. ಎರಡನೆಯದು ‘ಮುನಿಸಿಪಲ್ ಶಾಲೆಯ ಹಾಜರಿ ಪುಸ್ತಕ’. ಅದನ್ನು ಒತ್ತಿದೆವು, ಪ್ರಬಂಧ ಬಂತು. ಮೂವರೂ ಒಂದೇ ಪರದೆಗೆ ಬಾಗಿ ಅದನ್ನು ಕೊನೆಯವರೆಗೆ ಓದಿದೆವು. ಮರುದಿನ ಕೊಂಡಿಯನ್ನು ಟೀಚರ್ ಅವರ ಮಗಳಿಗೆ ಕಳುಹಿಸಿ, ನಡೆದದ್ದನ್ನು ಬರೆದು ತಿಳಿಸಿದೆವು.